ಅಂಕ ಕಡಿಮೆ ಬಂತೆಂದು ಕೂಡಲೇ ದುಡ್ಡು ಕಟ್ಟಬೇಕೇ? ಮರುಮೌಲ್ಯಮಾಪನದ ಬಗ್ಗೆ ತಾಯಂದಿರಿಗೆ ಒಂದಿಷ್ಟು ಮಾತು

(ಮೆಣಸೆ ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಾಲ, ಉಳಿತಾಯ, ಹಸು, ಹೊಲಿಗೆ ಯಂತ್ರ, ಶೌಚಾಲಯ ಇವೆಲ್ಲದರ ಬಗ್ಗೆ ನಾವು ಸಂಘದಲ್ಲಿ ಮಾತಾಡುತ್ತಾ ಬಂದಿದ್ದೇವೆ. ಈ ಸಲ ವಿಷಯ ಬೇರೆ. ಬೇಸಿಗೆಯಲ್ಲಿ ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ಫಲಿತಾಂಶ ಬರುವಾಗ ನಮ್ಮ ವಾರದ ಸಭೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. "ನಮ್ಮ ಹುಡುಗಿ ಚೆನ್ನಾಗಿ ಬರೆದಿದ್ದೇನೆ ಅಂತಾಳೆ, ಅಂಕ ಕಡಿಮೆ ಬಂದಿದೆ. ಪೇಪರ್ ಮತ್ತೆ ನೋಡಿಸ್ಬೇಕಾ? ಸಂಘದಿಂದ ಸಾಲ ಸಿಗುತ್ತಾ?" ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಹಿಂದೆ ಒಂದು ಮಗುವಿನ ಮುಂದಿನ ದಾರಿ ಇರುತ್ತದೆ. ಆದ್ದರಿಂದ ಇವತ್ತು ಇದನ್ನೇ ಸಾವಕಾಶವಾಗಿ ನೋಡೋಣ.

ಮೆಣಸೆಯ ಹೆಸರು ಈಗ ದೂರದವರಿಗೂ ಗೊತ್ತು. ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರ ಇಲ್ಲೇ ಇದೆ, ಎಲ್ಲೆಲ್ಲಿಂದಲೋ ಮಕ್ಕಳು ಬಂದು ಓದುತ್ತಾರೆ. ಅದೇ ಊರಿನ ನಮ್ಮ ಮನೆಯ ಮಗು ಹತ್ತನೆಯಲ್ಲಿ ಎರಡು ಅಂಕಕ್ಕೆ ನಿಂತುಬಿಟ್ಟರೆ ಏನಾಗುತ್ತದೆ? ಹುಡುಗನಾದರೆ ತೋಟದ ಕೆಲಸ, ಇಲ್ಲವೇ ಬೆಂಗಳೂರಿನ ಹೋಟೆಲ್. ಹುಡುಗಿಯಾದರೆ "ಓದಿದ್ದು ಸಾಕು" ಎಂಬ ಮಾತು, ಆಮೇಲೆ ಗಂಡು ನೋಡುವುದು. ಹದಿನೆಂಟು ತುಂಬದ ಹೆಣ್ಣುಮಗುವಿಗೆ ಮದುವೆ ಮಾಡುವುದು ಕಾನೂನಿನಲ್ಲಿ ಅಪರಾಧ ಎಂದು ನಮಗೆಲ್ಲಾ ಗೊತ್ತಿದೆ. ಆದರೂ ಮಾತು ಶುರುವಾಗುವುದು ಈ ನಾಪಾಸಿನ ದಿನದಿಂದಲೇ. ಹಾಗಾಗಿ ಆ ದಿನ ತಾಯಿ ಏನು ತೀರ್ಮಾನ ಮಾಡುತ್ತಾಳೆ ಎಂಬುದು ದೊಡ್ಡ ವಿಷಯ.

ಮೊದಲು ಮಗು, ಆಮೇಲೆ ಪೇಪರ್

ಫಲಿತಾಂಶ ಬಂದ ದಿನ ಮನೆಗೆ ನೆಂಟರ ಫೋನು, ನೆರೆಯವರ ವಿಚಾರಣೆ, ಅಪ್ಪನ ಸಿಟ್ಟು ಎಲ್ಲಾ ಒಟ್ಟಿಗೆ ಬರುತ್ತವೆ. ಆ ದಿನ ಯಾವ ತೀರ್ಮಾನವೂ ಬೇಡ. ಮಗುವಿಗೆ ಊಟ ಹಾಕಿ, ಹತ್ತಿರ ಕೂರಿಸಿಕೊಳ್ಳಿ. "ನೀನು ಪೇಪರ್‌ನಲ್ಲಿ ಏನು ಬರೆದಿದ್ದೆ, ನೆನಪಿದ್ದಷ್ಟು ಹೇಳು ಮಗಾ" ಎಂದು ಕೇಳಿ. "ಯಾಕೆ ಹೀಗೆ ಮಾಡಿದೆ" ಎಂದು ಕೇಳಬೇಡಿ. ಮೊದಲ ಪ್ರಶ್ನೆಗೆ ಮಗು ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಬಾಯಿ ಮುಚ್ಚಿಕೊಳ್ಳುತ್ತದೆ.

ಇದನ್ನು ಮೊದಲೇ ಹೇಳಲು ಕಾರಣವಿದೆ. ನಮ್ಮ ಪಕ್ಕದ ತೆಲಂಗಾಣ ರಾಜ್ಯದಲ್ಲಿ 2019ರ ಏಪ್ರಿಲ್‌ನಲ್ಲಿ ಇಂಟರ್‌ಮೀಡಿಯೆಟ್ ಫಲಿತಾಂಶ ಬಂತು. ಅಂಕ ದಾಖಲಿಸುವುದರಲ್ಲಿ ಎಡವಟ್ಟುಗಳಾಗಿದ್ದವು. ತೆಲುಗು ವಿಷಯದಲ್ಲಿ 99 ಅಂಕ ಪಡೆದಿದ್ದ ಹುಡುಗಿಯೊಬ್ಬಳಿಗೆ ಸೊನ್ನೆ ಎಂದು ಬಂದಿತ್ತು. ಫಲಿತಾಂಶದ ನಂತರದ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಜೀವ ಕಳೆದುಕೊಂಡರು. ಆಮೇಲೆ ಸರ್ಕಾರ ನಾಪಾಸಾದ ಎಲ್ಲರ ಪತ್ರಿಕೆಗಳನ್ನು ಶುಲ್ಕವಿಲ್ಲದೆ ಮತ್ತೆ ಪರಿಶೀಲಿಸಿತು. ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ 1,137 ಮಂದಿ ಪಾಸಾದರು.

ಇದರಿಂದ ನಾವು ಎರಡು ಪಾಠ ಕಲಿಯಬೇಕು. ಒಂದು, ತಪ್ಪು ಆಗುವುದೇ ಇಲ್ಲ ಎನ್ನುವ ಮಾತು ಸುಳ್ಳು. ಸಾವಿರಾರು ಪತ್ರಿಕೆ ತಿದ್ದುವ ಜಾಗದಲ್ಲಿ ತಪ್ಪು ಆಗುತ್ತದೆ, ಕೇಳಿದರೆ ಸರಿಯಾಗುತ್ತದೆ. ಎರಡು, ಮತ್ತೆ ನೋಡಿಸಿದರೆ ಎಲ್ಲರ ಫಲಿತಾಂಶವೂ ಬದಲಾಗುತ್ತದೆ ಎನ್ನುವುದೂ ಸುಳ್ಳು. ಅಲ್ಲಿ ಪಾಸಾದವರು ಸಾವಿರಕ್ಕೆ ನಾಲ್ವರೂ ಆಗಲಿಲ್ಲ. ಇವೆರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡವರು ಮಾತ್ರ ಸರಿಯಾದ ತೀರ್ಮಾನ ಮಾಡಬಲ್ಲರು.

ಮಗು ಮಂಕಾಗಿ ಕೂತಿದ್ದರೆ, ಊಟ ಬಿಟ್ಟರೆ, ಒಂಟಿಯಾಗಿ ತೋಟದ ಕಡೆ ಹೊಳೆಯ ಕಡೆ ಹೋಗುತ್ತಿದ್ದರೆ ಒಬ್ಬರೇ ಬಿಡಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ಸಂಘದ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಮೂರು ಬೇರೆ ಬೇರೆ ಕೆಲಸಗಳು

"ಪೇಪರ್ ಮತ್ತೆ ಹಾಕಿಸೋದು" ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅದರಲ್ಲಿ ಮೂರು ಕೆಲಸಗಳಿವೆ.

1. ಉತ್ತರ ಪತ್ರಿಕೆಯ ಪ್ರತಿ ಪಡೆಯುವುದು. ಮಗು ಬರೆದ, ಮೌಲ್ಯಮಾಪಕರು ತಿದ್ದಿದ ಪತ್ರಿಕೆಯ ಸ್ಕ್ಯಾನ್ ಪ್ರತಿ ಇದು. ಇದನ್ನು ನೋಡಿದರೆ ಮಾತ್ರ ಮುಂದಿನದು ಗೊತ್ತಾಗುವುದು.

2. ಅಂಕಗಳ ಮರುಎಣಿಕೆ. ಉತ್ತರಗಳನ್ನು ಮತ್ತೆ ತಿದ್ದುವುದಿಲ್ಲ. ಕೂಡಿಸಿದ್ದು ಸರಿಯೇ, ಒಳಗಿನ ಅಂಕ ಹೊರಗೆ ಸರಿಯಾಗಿ ಬಂದಿದೆಯೇ ಎಂದು ಮಾತ್ರ ನೋಡುವುದು.

3. ಮರುಮೌಲ್ಯಮಾಪನ. ಬೇರೊಬ್ಬ ಶಿಕ್ಷಕರು ಪತ್ರಿಕೆಯನ್ನು ಮೊದಲಿನಿಂದ ತಿದ್ದುವುದು. ಇದಕ್ಕೇ ಹೆಚ್ಚು ದುಡ್ಡು.

ನಮ್ಮ ರಾಜ್ಯದಲ್ಲಿ ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ಎರಡನ್ನೂ ಈಗ ನೋಡಿಕೊಳ್ಳುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಅರ್ಜಿ ಎಲ್ಲಾ ಆನ್‌ಲೈನ್. ಹತ್ತನೇ ತರಗತಿಗೆ ಇತ್ತೀಚಿನ ವರ್ಷಗಳಲ್ಲಿ ವಿಷಯವೊಂದಕ್ಕೆ ಪ್ರತಿಗೆ ಸುಮಾರು 400 ರೂಪಾಯಿ, ಮರುಮೌಲ್ಯಮಾಪನಕ್ಕೆ ಸುಮಾರು 800 ರೂಪಾಯಿ ತಗಲಿದೆ. ದ್ವಿತೀಯ ಪಿಯುಸಿಗೆ ಪ್ರತಿಗೆ 530, ಮರುಮೌಲ್ಯಮಾಪನಕ್ಕೆ 1,670 ರೂಪಾಯಿ ಇತ್ತು. ಕಟ್ಟುವ ಮುಂಚೆ ಆ ವರ್ಷದ ಸುತ್ತೋಲೆಯಲ್ಲಿರುವ ಶುಲ್ಕವನ್ನು ಶಾಲೆಯಲ್ಲಿ ಕೇಳಿಕೊಳ್ಳಿ.

ಲೆಕ್ಕ ಹಾಕೋಣ. ಹತ್ತನೇ ತರಗತಿಯ ಒಂದು ವಿಷಯಕ್ಕೆ ಪ್ರತಿಯೂ ಮರುಮೌಲ್ಯಮಾಪನವೂ ಸೇರಿ ಸುಮಾರು 1,200 ರೂಪಾಯಿ. ವಾರಕ್ಕೆ ಐವತ್ತು ಉಳಿಸುವ ನಮ್ಮ ಸದಸ್ಯೆಗೆ ಅದು 24 ವಾರದ ಉಳಿತಾಯ. ಗಾಬರಿಯಲ್ಲಿ ಆರು ವಿಷಯಕ್ಕೂ ಕಟ್ಟಿದರೆ ಏಳು ಸಾವಿರ ದಾಟುತ್ತದೆ. ಅದೇ ಒಂದು ವಿಷಯದ ಪ್ರತಿಯನ್ನು ಮಾತ್ರ ಮೊದಲು ತರಿಸಿದರೆ 400ರಲ್ಲಿ ಸತ್ಯ ತಿಳಿಯುತ್ತದೆ. ಅದಕ್ಕೇ ನಾವು ಹೇಳುವುದು: ಪ್ರತಿ ನೋಡದೆ ಮುಂದಿನ ದುಡ್ಡು ಕಟ್ಟುವ ಮಾತೇ ಬೇಡ.

ಪತ್ರಿಕೆ ನೋಡುವುದು ನಮ್ಮ ಹಕ್ಕು

ಕೆಲವರು ಹೆದರುತ್ತಾರೆ. "ಪೇಪರ್ ಕೇಳಿದ್ರೆ ಮೇಷ್ಟ್ರಿಗೆ ಬೇಜಾರಾಗಲ್ವಾ? ಮುಂದೆ ಮಗೂಗೆ ತೊಂದರೆ ಕೊಟ್ರೆ?" ಹೆದರುವ ಕಾರಣವಿಲ್ಲ. ಮಂಡಳಿಯ ಪರೀಕ್ಷೆಯ ಪತ್ರಿಕೆಯನ್ನು ನಮ್ಮ ಶಾಲೆಯ ಶಿಕ್ಷಕರು ನಮ್ಮ ಮಗುವಿನದೆಂದು ಗುರುತಿಸಿ ತಿದ್ದುವುದಿಲ್ಲ. ಅದು ಬೇರೆ ಕಡೆ ಮೌಲ್ಯಮಾಪನ ಕೇಂದ್ರದಲ್ಲಿ ನಡೆಯುವ ಕೆಲಸ.

ಇನ್ನೂ ದೊಡ್ಡ ಮಾತೆಂದರೆ, 2011ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಸಿಬಿಎಸ್‌ಇ ಮಂಡಳಿ ಮತ್ತು ಆದಿತ್ಯ ಬಂಡೋಪಾಧ್ಯಾಯ ಎಂಬವರ ನಡುವಿನ ಆ ಮೊಕದ್ದಮೆಯಲ್ಲಿ, ತಿದ್ದಿದ ಉತ್ತರ ಪತ್ರಿಕೆಯೂ ಮಾಹಿತಿಯೇ, ಬರೆದ ವಿದ್ಯಾರ್ಥಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದನ್ನು ನೋಡುವ, ಪ್ರತಿ ಪಡೆಯುವ ಹಕ್ಕಿದೆ ಎಂದು ನ್ಯಾಯಾಲಯ ಹೇಳಿತು. ಅಂದರೆ ಇದು ಯಾರ ದಯೆಯೂ ಅಲ್ಲ.

ಆದರೆ ನೋಡುವ ಹಕ್ಕು ಬೇರೆ, ಮತ್ತೆ ತಿದ್ದಿಸುವ ಹಕ್ಕು ಬೇರೆ. ನಿಯಮದಲ್ಲಿ ಅವಕಾಶವಿಲ್ಲದಿದ್ದರೆ ಮರುಮೌಲ್ಯಮಾಪನವನ್ನು ಹಕ್ಕೆಂದು ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 1984ರಲ್ಲೇ ಮಹಾರಾಷ್ಟ್ರ ಮಂಡಳಿಯ ಮೊಕದ್ದಮೆಯಲ್ಲಿ ಹೇಳಿದೆ. ನಮ್ಮಲ್ಲಿ ಆ ಅವಕಾಶ ಇದೆ. ಆದರೆ ಅದು ಕೊಟ್ಟಿರುವ ದಿನಾಂಕದೊಳಗೆ, ಕೊಟ್ಟಿರುವ ಕ್ರಮದಲ್ಲೇ ಆಗಬೇಕು. ದಿನ ಕಳೆದ ಮೇಲೆ ಯಾರ ಕಾಲು ಹಿಡಿದರೂ ಪ್ರಯೋಜನವಿಲ್ಲ.

ಪ್ರತಿ ಕೈಗೆ ಬಂದಾಗ ಏನು ನೋಡಬೇಕು?

ಓದು ಬಾರದ ತಾಯಿಯೂ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸ ಮಾಡಿಸಬಹುದು.

ಮೊದಲು ಬರಹ ನಮ್ಮ ಮಗುವಿನದೇ ಎಂದು ನೋಡಿ. ಆಮೇಲೆ ಪುಟ ತಿರುಗಿಸುತ್ತಾ, ಬರೆದ ಪ್ರತಿ ಉತ್ತರಕ್ಕೂ ಅಂಕವೋ ತಪ್ಪಿನ ಗುರುತೋ ಇದೆಯೇ ಎಂದು ಕೇಳಿ. ಯಾವ ಗುರುತೂ ಇಲ್ಲದ ಉತ್ತರ ಸಿಕ್ಕಿದರೆ ಅದನ್ನು ನೋಡದೆ ಬಿಟ್ಟಿರಬಹುದು. ಕೊನೆಯ ಪುಟಗಳಲ್ಲಿ, ಪುಟದ ಕೆಳಗಿನ ಭಾಗದಲ್ಲಿ ಬರೆದ ಉತ್ತರಗಳನ್ನು ವಿಶೇಷವಾಗಿ ನೋಡಿ.

ಎರಡನೆಯದು, ಅಂಕಗಳನ್ನು ಕೂಡಿಸಿ. ಸಂಘದ ಲೆಕ್ಕ ಬರೆಯುವ ನಮ್ಮ ಹೆಂಗಸರಿಗೆ ಇದು ಕಷ್ಟವೇ ಅಲ್ಲ. ಒಳಗಿನ ಒಟ್ಟು, ಮುಖಪುಟದ ಒಟ್ಟು, ಅಂಕಪಟ್ಟಿಯ ಅಂಕ ಮೂರೂ ತಾಳೆಯಾಗಬೇಕು. ಹತ್ತನೇ ತರಗತಿಯಲ್ಲಿ ಶಾಲೆಯ ಆಂತರಿಕ ಅಂಕ ಪ್ರತ್ಯೇಕ ಸೇರುತ್ತದೆ, ಅದನ್ನು ಮರೆಯಬೇಡಿ. ಇಲ್ಲಿ ಮಾತ್ರ ವ್ಯತ್ಯಾಸ ಕಂಡರೆ ಮರುಎಣಿಕೆ ಸಾಕು.

ಮೂರನೆಯದು, ಮಾದರಿ ಉತ್ತರ. ಯಾವ ಪ್ರಶ್ನೆಗೆ ಯಾವ ಅಂಶಕ್ಕೆ ಎಷ್ಟು ಅಂಕ ಎಂಬ ಕೀ ಉತ್ತರಗಳನ್ನು ಮಂಡಳಿ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಅದನ್ನಿಟ್ಟುಕೊಂಡು ವಿಷಯ ಶಿಕ್ಷಕರ ಹತ್ತಿರ ಕೂತು ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆಯಿರಿ: ಪ್ರಶ್ನೆ ಸಂಖ್ಯೆ, ಸಿಕ್ಕಿದ ಅಂಕ, ಸಿಗಬೇಕಾದ ಅಂಕ, ವ್ಯತ್ಯಾಸ. ಗಣಿತದಲ್ಲಿ ಉತ್ತರ ತಪ್ಪಾದರೂ ಸರಿಯಾದ ಹಂತಗಳಿಗೆ ಅಂಕ ಇರುತ್ತದೆ, ಅದನ್ನು ಗಮನಿಸಿ. ಭಾಷೆಯ ಪ್ರಬಂಧ, ಪತ್ರಗಳಲ್ಲಿ ಒಬ್ಬರು ಮೂರು ಕೊಟ್ಟಲ್ಲಿ ಇನ್ನೊಬ್ಬರು ಎರಡೂವರೆ ಕೊಡಬಹುದು. ಆದ್ದರಿಂದ ಅದನ್ನೇ ನಂಬಿ ದುಡ್ಡು ಕಟ್ಟುವುದು ಅಷ್ಟು ಭದ್ರವಲ್ಲ.

ಶಿಕ್ಷಕರಿಗೆ ಕೇಳುವ ಮಾತೂ ಸರಿಯಾಗಿರಲಿ. "ಸಾರ್, ಹಾಕಿದ್ರೆ ಜಾಸ್ತಿ ಬರುತ್ತಾ?" ಎಂದರೆ ಅವರೇನು ಹೇಳಿಯಾರು, "ನೋಡಿ, ಹಾಕಿ" ಎನ್ನುತ್ತಾರೆ. "ಸಾರ್, ಇದು ನಿಮ್ಮ ಕೈಗೆ ಬಂದಿದ್ರೆ ಎಷ್ಟು ಕೊಡ್ತಿದ್ರಿ?" ಎಂದು ಕೇಳಿ. ಆಗ ನಿಜವಾದ ಉತ್ತರ ಬರುತ್ತದೆ.

2018ರಲ್ಲಿ ಬೆಳಗಾವಿಯ ಒಬ್ಬ ಹುಡುಗನಿಗೆ ಹತ್ತನೇ ತರಗತಿಯಲ್ಲಿ 625ಕ್ಕೆ 624 ಬಂದಿತ್ತು. ಎಲ್ಲಾ ಸರಿಯಾಗಿ ಬರೆದಿದ್ದೇನೆ ಎಂಬ ನಂಬಿಕೆಯಿಂದ ಆತ ಮರುಮೌಲ್ಯಮಾಪನಕ್ಕೆ ಹಾಕಿದ, ಕಳೆದುಹೋಗಿದ್ದ ಒಂದು ಅಂಕ ಸಿಕ್ಕಿ ಪೂರ್ತಿ 625 ಆಯಿತು. ಪತ್ರಿಕೆಗಳಲ್ಲೆಲ್ಲಾ ಬಂದ ಸುದ್ದಿ ಅದು. 624 ಬಂದವನು ಒಂದು ಅಂಕ ಕೇಳುವುದಕ್ಕೆ ನಾಚಲಿಲ್ಲ. ಹಾಗಿರುವಾಗ ಎರಡು ಅಂಕಕ್ಕೆ ನಿಂತುಹೋದ ನಮ್ಮ ಹುಡುಗಿ ಕೇಳಲು ಯಾಕೆ ನಾಚಬೇಕು?

ಮೂವರು ಮಕ್ಕಳ ಉದಾಹರಣೆ

ಲೆಕ್ಕಕ್ಕಾಗಿ ಮೂವರು ಮಕ್ಕಳನ್ನು ಇಟ್ಟುಕೊಳ್ಳೋಣ.

ಮೊದಲನೆಯವಳಿಗೆ ಗಣಿತ ಒಂದರಲ್ಲೇ ಎರಡು ಅಂಕ ಕಡಿಮೆಯಾಗಿ ನಾಪಾಸು. ವರ್ಷವಿಡೀ ಶಾಲೆಯ ಪರೀಕ್ಷೆಗಳಲ್ಲಿ ಇದಕ್ಕಿಂತ ಚೆನ್ನಾಗಿ ಬಂದಿತ್ತು. ಇವಳ ಗಣಿತದ ಪ್ರತಿಯನ್ನು ತರಿಸಲೇಬೇಕು. ಒಂದು ಹಂತಕ್ಕೆ ಅಂಕ ಬಿಟ್ಟಿರುವುದು ಕಂಡರೆ ಮರುಮೌಲ್ಯಮಾಪನಕ್ಕೂ ಹಾಕಬೇಕು. ಇಂಥ ಮಗುವಿಗೆ ಸಂಘ ಹಿಂದೆ ಮುಂದೆ ನೋಡದೆ ನೆರವಾಗಲಿ.

ಎರಡನೆಯವನಿಗೆ ಇಂಗ್ಲಿಷಿನಲ್ಲಿ ಹದಿನೈದು ಅಂಕ ಕಡಿಮೆ. ಕೇಳಿದರೆ "ಅರ್ಧ ಬರೆದೆ, ಉಳಿದದ್ದು ಬರಲಿಲ್ಲ" ಎನ್ನುತ್ತಾನೆ. ಇವನಿಗೆ ಮರುಮೌಲ್ಯಮಾಪನ ಬೇಡ. ಆ ದುಡ್ಡು ಮತ್ತು ಆ ದಿನಗಳು ಮುಂದಿನ ಪರೀಕ್ಷೆಯ ಓದಿಗೆ ಹೋಗಲಿ. ನಿಜ ಹೇಳಿದ ಮಗುವಿಗೆ ಬೈಯಬೇಡಿ, ನಿಮ್ಮ ಸಾವಿರಾರು ರೂಪಾಯಿ ಉಳಿಸಿದ್ದು ಅದರ ಮಾತೇ.

ಮೂರನೆಯವಳು ಪಾಸಾಗಿದ್ದಾಳೆ, ಅಂಕವೂ ಚೆನ್ನಾಗಿದೆ, ಆದರೆ ನಿರೀಕ್ಷಿಸಿದ್ದಕ್ಕಿಂತ ಹತ್ತು ಕಡಿಮೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಆ ಹತ್ತು ಅಂಕದಿಂದ ಏನು ಬದಲಾಗುತ್ತದೆ? ಬೇಕಾದ ಕಾಲೇಜಿನ ಸೀಟು, ವಿದ್ಯಾರ್ಥಿವೇತನ ಅದರ ಮೇಲೆ ನಿಂತಿದ್ದರೆ ಹಾಕಬಹುದು. ಪಿಯುಸಿ ವಿಜ್ಞಾನದ ಮಕ್ಕಳಿಗೆ ಇದು ಮುಖ್ಯ, ಏಕೆಂದರೆ ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಭಾಗ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕದಿಂದ ಬರುತ್ತದೆ. ಆದರೆ ಪಕ್ಕದ ಮನೆಯ ಹುಡುಗಿಗಿಂತ ಮುಂದೆ ಬರಬೇಕು ಎಂಬುದಷ್ಟೇ ಕಾರಣವಾದರೆ, ಆ ಆಸೆಗೆ ಸಾಲ ಮಾಡಬೇಡಿ.

ನಿಯಮವನ್ನೂ ಓದಿ. ಎಷ್ಟು ಅಂಕ ವ್ಯತ್ಯಾಸ ಬಂದರೆ ಪರಿಗಣಿಸುತ್ತಾರೆ, ಕಡಿಮೆಯಾದರೆ ಏನು, ಹೆಚ್ಚಾದರೆ ಕಟ್ಟಿದ ದುಡ್ಡು ವಾಪಸು ಬರುತ್ತದೆಯೇ ಎಂಬುದೆಲ್ಲಾ ಸುತ್ತೋಲೆಯಲ್ಲಿ ಇರುತ್ತದೆ. ದ್ವಿತೀಯ ಪಿಯುಸಿಯಲ್ಲಿ ಬಹಳ ವರ್ಷ ಆರು ಅಂಕ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ನಿಯಮವಿತ್ತು. ಇಂಥದ್ದು ಗೊತ್ತಿಲ್ಲದೆ ನಾಲ್ಕು ಅಂಕಕ್ಕಾಗಿ ದುಡ್ಡು ಕಟ್ಟಿದವರು ಎಷ್ಟೋ ಮಂದಿ. ಪಾಸಾಗುವ ಅಂಕವೂ ಬದಲಾಗಿದೆ. ಮೊದಲು ಶೇಕಡಾ 35 ಇತ್ತು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಪ್ರಕಟಿಸಿದ ನಿಯಮದಲ್ಲಿ ಒಟ್ಟಾರೆ ಶೇಕಡಾ 33, ಜೊತೆಗೆ ಪ್ರತಿ ವಿಷಯದಲ್ಲೂ ಕನಿಷ್ಠ 30 ಎಂದು ಮಾಡಿದೆ. ಹಳೆಯ ಲೆಕ್ಕ ಹಿಡಿದು ಮಗು ನಾಪಾಸೆಂದು ಅಳಬೇಡಿ, ಶಾಲೆಯಲ್ಲಿ ವಿಚಾರಿಸಿ.

ಕಾಯುತ್ತಾ ಕೂರಬೇಡಿ

ಇದು ಬಹಳ ಮುಖ್ಯ. 2023-24ರಿಂದ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಮತ್ತೆ ಬರೆದು ಹೆಚ್ಚು ಬಂದರೆ ಹೆಚ್ಚಿನ ಅಂಕವನ್ನೇ ಇಟ್ಟುಕೊಳ್ಳಬಹುದು. 2025ರಲ್ಲಿ ಹತ್ತನೇ ತರಗತಿ ಫಲಿತಾಂಶ ಮೇ 2ಕ್ಕೆ ಬಂತು, ಎರಡನೇ ಪರೀಕ್ಷೆ ಮೇ 26ಕ್ಕೆ ಶುರುವಾಯಿತು. ನಡುವೆ ಇದ್ದದ್ದು ಮೂರೂವರೆ ವಾರ ಕೂಡ ಇಲ್ಲ.

"ಮರುಮೌಲ್ಯಮಾಪನಕ್ಕೆ ಹಾಕಿದ್ದೇವಲ್ಲ, ಅದರಲ್ಲಿ ಪಾಸಾಗ್ತಾಳೆ" ಎಂದು ಪುಸ್ತಕ ಮುಚ್ಚಿಟ್ಟರೆ ಎರಡೂ ಕೈಬಿಟ್ಟು ಹೋಗಬಹುದು. ನಾಪಾಸಾದ ಮಗು ಮರುಮೌಲ್ಯಮಾಪನಕ್ಕೆ ಹಾಕಲಿ ಬಿಡಲಿ, ಮುಂದಿನ ಪರೀಕ್ಷೆಗೆ ಹೆಸರು ನೋಂದಾಯಿಸಲೇಬೇಕು. ಓದು ನಿಲ್ಲಬಾರದು. ಮರುಮೌಲ್ಯಮಾಪನದಲ್ಲಿ ಪಾಸಾಯಿತೆನ್ನಿ, ಓದಿದ್ದು ವ್ಯರ್ಥವಾಗುವುದಿಲ್ಲ. ಆಗಲಿಲ್ಲವೆನ್ನಿ, ವರ್ಷ ವ್ಯರ್ಥವಾಗುವುದಿಲ್ಲ.

ಸಂಘ ಏನು ಮಾಡಬಹುದು?

ನಮ್ಮ ಮಲೆನಾಡಿನಲ್ಲಿ ತೊಂದರೆ ದುಡ್ಡಿನದು ಮಾತ್ರ ಅಲ್ಲ. ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕು. ಪೇಟೆಯ ಸೈಬರ್ ಅಂಗಡಿಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕು. ಎಲೆಚುಕ್ಕೆ ರೋಗ, ಹಳದಿ ಎಲೆ ರೋಗದಿಂದ ತೋಟ ಹೋದ ಮನೆಗಳಲ್ಲಿ ಮೇ ತಿಂಗಳಲ್ಲಿ ಕೈಯಲ್ಲಿ ಕಾಸಿರುವುದಿಲ್ಲ. ಅರ್ಜಿ ಹಾಕಲು ಇರುವುದು ಕೆಲವೇ ದಿನ. ಒಬ್ಬೊಬ್ಬರಿಗೆ ಕಷ್ಟವಾದದ್ದು ಒಟ್ಟಾದರೆ ಹಗುರಾಗುತ್ತದೆ.

- ಫಲಿತಾಂಶಕ್ಕೆ ಮುಂಚೆಯೇ, ಏಪ್ರಿಲ್ ತಿಂಗಳ ಸಭೆಯಲ್ಲಿ, ಯಾರ ಮನೆಯಲ್ಲಿ ಹತ್ತನೇ ತರಗತಿ, ಪಿಯುಸಿ ಮಕ್ಕಳಿದ್ದಾರೆಂದು ಪಟ್ಟಿ ಮಾಡಿ.
- ಸಂಘದ ಆಂತರಿಕ ಸಾಲದಲ್ಲಿ ಸ್ವಲ್ಪ ಮೊತ್ತವನ್ನು ಇದಕ್ಕೆಂದು ತೆಗೆದಿಡಿ. ಮೊದಲು ಪ್ರತಿಗೆ ಮಾತ್ರ ಕೊಡಿ. ಪ್ರತಿ ನೋಡಿ, ಶಿಕ್ಷಕರ ಅಭಿಪ್ರಾಯ ಬಂದ ಮೇಲೆ ಮುಂದಿನದಕ್ಕೆ ಕೊಡಿ. ತೀರ್ಮಾನವನ್ನು ನಡಾವಳಿಯಲ್ಲಿ ಬರೆಯಿರಿ.
- ಮೊಬೈಲ್ ಚೆನ್ನಾಗಿ ಬಳಸಲು ಬರುವ ಒಬ್ಬ ಯುವತಿಗೆ ಎಲ್ಲರ ಅರ್ಜಿ ಹಾಕುವ ಜವಾಬ್ದಾರಿ ಕೊಡಿ. ನೋಂದಣಿ ಸಂಖ್ಯೆ ಮತ್ತು ಅರ್ಜಿಯ ರಸೀದಿಯನ್ನು ಜೋಪಾನವಾಗಿಡಿ.
- ದುಡ್ಡು ಕೊಟ್ಟರೆ ಅಂಕ ಹೆಚ್ಚು ಮಾಡಿಸಿಕೊಡುತ್ತೇವೆ ಎನ್ನುವ ದಲ್ಲಾಳಿಗಳನ್ನು ಹತ್ತಿರ ಸೇರಿಸಬೇಡಿ. ಹೆಚ್ಚು ಮಾಡಿಸುವ ಬೇರೆ ದಾರಿ ಇಲ್ಲ.
- ಗಂಡುಮಗುವಿನ ಪೇಪರ್‌ಗೆ ದುಡ್ಡಿದೆ, ಹೆಣ್ಣುಮಗುವಿನದಕ್ಕೆ ಇಲ್ಲ ಎನ್ನುವ ಮನೆಗೆ ಸಂಘದ ಇಬ್ಬರು ಹೋಗಿ ಮಾತಾಡಿ.

ಸಹೋದರಿಯರೇ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ನೂರು ರೂಪಾಯಿ ಕಡಿಮೆ ಕಂಡರೆ ನಾವು ಸುಮ್ಮನೆ ಬರುವುದಿಲ್ಲ. ಮ್ಯಾನೇಜರ್ ಮುಂದೆ ನಿಂತು "ಇದು ಹೇಗೆ ಸಾರ್?" ಎಂದು ಕೇಳಲು ಸಂಘ ನಮಗೆ ಕಲಿಸಿದೆ. ಲೆಕ್ಕ ಸರಿಯಿದ್ದರೆ ಒಪ್ಪಿಕೊಂಡು ಬರುತ್ತೇವೆ, ತಪ್ಪಿದ್ದರೆ ಸರಿಮಾಡಿಸಿಕೊಂಡು ಬರುತ್ತೇವೆ. ಮಗುವಿನ ಉತ್ತರ ಪತ್ರಿಕೆಗೂ ಇದೇ ಕ್ರಮ ಸಾಕು. ಜಗಳ ಬೇಡ, ಅಂಜಿಕೆಯೂ ಬೇಡ. ನೋಡೋಣ, ಕೂಡಿಸೋಣ, ತಪ್ಪು ಕಂಡರೆ ಕೇಳೋಣ. ತಪ್ಪಿಲ್ಲದಿದ್ದರೆ ಮಗುವಿನ ಬೆನ್ನು ತಟ್ಟಿ ಮುಂದಿನ ಪರೀಕ್ಷೆಗೆ ಕೂರಿಸೋಣ.



ಸಂಘದ ಸಭೆಯಲ್ಲಿ ಚರ್ಚಿಸಲು:

1. ನಮ್ಮ ಸಂಘದ ಸದಸ್ಯೆಯರ ಮಕ್ಕಳಲ್ಲಿ ಹತ್ತನೇ ತರಗತಿಗೆ ಓದು ನಿಲ್ಲಿಸಿದವರು ಯಾರು? ಎಷ್ಟು ಅಂಕಕ್ಕೆ ನಿಂತರು? ಅವರು ಈಗ ಮತ್ತೆ ಪರೀಕ್ಷೆ ಕಟ್ಟಲು ನಾವೇನು ಮಾಡಬಹುದು?
2. ಮರುಮೌಲ್ಯಮಾಪನಕ್ಕೆ ಸಾಲ ಕೊಡಲು ನಮ್ಮ ಸಂಘದ ನಿಯಮ ಏನಿರಬೇಕು?
3. ಫಲಿತಾಂಶ ಬಂದ ದಿನ ನಾಪಾಸಾದ ಮಗುವಿನ ಮನೆಗೆ ಮೊದಲು ಹೋಗುವವರು ಯಾರು?